ಅಪ್ಪ ಗದ್ದ ಒತ್ತಿ ಹಿಡಿದ ದಿನ

ನನಗೆ ಆ ಹುಡುಗ ಬೇಕಾಗಿತ್ತು. ಹೇಳಲು ನಾಚಿಕೆ ಯಾಕೆ, ಫೋಟೋ ನೋಡಿದ ದಿನವೇ ಮನಸ್ಸು ಕೊಟ್ಟುಬಿಟ್ಟಿದ್ದೆ. ಆದರೆ ಕುರಿಯೇ ಜೀವವಾದ ನಮ್ಮಪ್ಪನಿಗೊಂದು ಬಾಯಿ ಇತ್ತಲ್ಲ! ಹಿಂದೆ ನನ್ನನ್ನು ನೋಡಲು ಬಂದ ನಿಲಂಗಾದವರಿಗೆ, ನಿಮ್ಮ ಕುರಿಗಳೆಲ್ಲ ಬಡಕಲು ಅಂದು ಅಟ್ಟಿದ್ದ. ಮುರುಮದವರಿಗೆ, ಕಬ್ಬು ಸೋಮಾರಿಗಳ ಬೆಳೆ ಅಂದಿದ್ದ. ಅವರು ಚಹಾ ಮುಟ್ಟದೆ ಎದ್ದುಹೋದರು. ಈ ಸಲ ಆ ಹುಡುಗನ ಕಡೆಯವರು ಔರಾದ ಶಹಾಜನಿಯಿಂದ ದಾಳಿಂಬ ಊರಿನ ನಮ್ಮ ಮನೆಗೆ ಬರುವವರಿದ್ದರು.

ಅವತ್ತು ಬೆಳಿಗ್ಗೆ ಅಪ್ಪ ಗಡ್ಡ ಬೋಳಿಸಿಕೊಳ್ಳುತ್ತಲೇ ಅವ್ವನ ಜೊತೆ ವಾದಕ್ಕಿಳಿದು ಗದ್ದ ಕೊಯ್ದುಕೊಂಡ. ಮೊದಲೇ ಹೃದಯದ ಕಾಯಿಲೆಗೆ ರಕ್ತ ತೆಳ್ಳಗಾಗುವ ಗುಳಿಗೆ ನುಂಗುವ ಆಸಾಮಿ. ರಕ್ತ ನಿಲ್ಲಲೊಲ್ಲದು. ಅವ್ವ ಬೀರಪ್ಪ ದೇವರ ಭಂಡಾರದ ಅರಿಶಿನ ಮೆತ್ತಿದಳು, ಅಜ್ಜಿ ಚಹಾಪುಡಿ ಒತ್ತಿದಳು. ಅಪ್ಪನೋ ಗಳಿಗೆಗೊಮ್ಮೆ "ನಿಂತದೇನು?" ಅಂತ ಅದನ್ನು ಕಿತ್ತು ಕನ್ನಡಿ ನೋಡುವುದು, ರಕ್ತ ಮತ್ತೆ ಹರಿಯುವುದು. ಹಳದಿ, ಕರಿ, ಕೆಂಪು ಬಳಿದ ಆ ಗದ್ದ ನೋಡಿ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಉಮರ್ಗಾದ ಡಾಕ್ಟರಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿದೆ.

"ಅದ್ನೆಲ್ಲಾ ತೊಳದು, ಸ್ವಚ್ಛ ಅರಿವಿ ಇಟ್ಟು ಒತ್ತಿ ಹಿಡೀರಿ. ರಕ್ತ ತಾನೇ ಎಳಿ ಎಳಿ ನೇಯ್ದು ಗಾಯ ಮುಚ್ಚತದ. ತಗದು ತಗದು ನೋಡಿದ್ರ ಆ ನೇಯ್ಗಿ ಹರೀತದ. ಮಾತೂ ಆಡಬ್ಯಾಡ್ರಿ, ಗದ್ದ ಅಲಗಾಡತದ."

"ಅಂದ್ರ..." ಅಪ್ಪ ಶುರು ಮಾಡಿದ.

"ಮುಚ್ಚರೀ ಬಾಯಿ!" ಅಂದಳು ಅವ್ವ. ಆ ಮಾತು ಆಡಲು ಆಕೆ ಎಷ್ಟು ವರ್ಷದಿಂದ ಕಾದಿದ್ದಳೋ.

ಅಷ್ಟರಲ್ಲಿ ಹುಡುಗನ ಕಡೆಯವರು ಬಂದೇಬಿಟ್ಟರು. ಅಪ್ಪ ಗದ್ದಕ್ಕೆ ಟವೆಲ್ ಒತ್ತಿಕೊಂಡು ಕೂತ. ಚಹಾ ಕುಡಿಯುತ್ತಾ ಹುಡುಗನ ಅಪ್ಪ, "ಕುರಿ ಸಾಕೋದ್ರಾಗ ಈಗೇನೂ ಉಳದಿಲ್ಲ ಬಿಡ್ರಿ" ಅಂದ.

ಸತ್ತೆ ಅಂದುಕೊಂಡೆ. ಬಾಗಿಲ ಹಿಂದೆ ನಿಂತು, ಬೀರಪ್ಪಾ, ಆ ರಕ್ತ ಇನ್ನೊಂದಿಷ್ಟು ಹೊತ್ತು ಹರಿಯಲಿ ತಂದೆ, ಅಂತ ಕೈ ಮುಗಿದೆ. ಅಪ್ಪನ ಕಣ್ಣು ಕೆಂಪಾದವು, ಮೀಸೆ ಕುಣಿಯಿತು. ಕಡೆಗೆ ಹೌದೆಂಬಂತೆ ತಲೆಯಾಡಿಸಿದ. ಉಳಿದ ಮಾತೆಲ್ಲ ಅವ್ವ ಆಡಿದಳು. ಸಂಬಂಧ ಕೂಡಿ ಸಕ್ಕರೆ ಹಂಚಿದರು.

"ಬೀಗರು ಭಾಳ ಶಾಂತ ಮನಷ್ಯಾ ಅದಾರ್ರೀ" ಅಂದಳು ಹುಡುಗನ ತಾಯಿ. ಅವ್ವ ಸೆರಗು ಬಾಯಿಗಿಟ್ಟುಕೊಂಡು ಕೆಮ್ಮಿದಳು.

ಅವರ ಜೀಪು ಹೊರಟ ಮೇಲೆ ಮೆಲ್ಲಗೆ ಟವೆಲ್ ಸರಿಸಿದೆ. ರಕ್ತ ಹೆಪ್ಪುಗಟ್ಟಿ ಕಪ್ಪಗಾಗಿತ್ತು.

"ಅಪ್ಪಾ, ಯಾವಾಗ ನಿಂತದಿದು?"

"ಚಾ ಬರೋದ್ಕಿಂತ ಮದ್ಲೇ."

"ಮತ್ತ ಯಾಕ ಮಾತಾಡ್ಲಿಲ್ಲ ನೀ?"

"ನಿನಗ ಆ ಹುಡುಗ ಮನಸಿಗಿ ಬಂದಾನಲ್ಲವ್ವಾ" ಅಂದ.

ನನಗೆ ಕಣ್ಣು ತುಂಬಿ ಬಂತು. ಒರೆಸಿಕೊಳ್ಳುವಷ್ಟರಲ್ಲಿ ಅಪ್ಪ ರಸ್ತೆಗೆ ಓಡಿದ್ದ. ಕಣ್ಮರೆಯಾದ ಜೀಪಿನ ಧೂಳಿಗೆ, "ಕುರಿ ಬಗ್ಗಿ ನಿನಗೇನ್ ಗೊತ್ತದೋ!" ಎಂದು ಒದರುತ್ತಿದ್ದ. ಗದ್ದದಿಂದ ಮತ್ತೆ ರಕ್ತ ಇಳಿಯಿತು. ಟವೆಲ್ ಹಿಡಿದು ಓಡಹೊರಟ ನನ್ನನ್ನು ಅವ್ವ ತಡೆದಳು.

"ಒಂದೀಟು ಒದರ್ಲಿ ಬಿಡು. ಇಟ್ಟೊತ್ತು ತಡಕೊಂಡಾರ."