ಜಾವಾದ ಹಿರಿಯರಿಗೆ ಕಾಶ್ಯಪ ಗೋತ್ರ

ಪ್ರಲ್ಹಾದರಾಯರು ಧಾರವಾಡದಲ್ಲಿ ಹುಟ್ಟಿದ್ದು ತಮ್ಮ ಸಮ್ಮತಿಯಿಲ್ಲದೆ. ಪುಣೆಗೆ ಬಂದದ್ದು ಮಾತ್ರ ಸ್ವಂತ ಬುದ್ಧಿಯಿಂದ. ಈ ವ್ಯತ್ಯಾಸವನ್ನು ಅವರೇ ಎಲ್ಲರಿಗೂ ಹೇಳುತ್ತಿದ್ದರು. ಶನಿವಾರ ಪೇಟೆಯ ವಾಡೆಯೊಂದರಲ್ಲಿ ಮೇಲಿನ ಎರಡು ಖೋಲಿ, ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರಿಕೆ, ಹೆಂಡತಿ ಇಂದೂ, ತಾಯಿ ರಂಗೂಬಾಯಿ. ಸಂಸಾರ ಇಷ್ಟೇ. ಉಳಿದದ್ದೆಲ್ಲ ವಿಚಾರ.

ವಿಲಾಯತಿಯ ಪಂಡಿತರು ಮನುಷ್ಯನ ಮೂಲ ಹುಡುಕುತ್ತಿದ್ದ ಕಾಲ ಅದು. ಜರ್ಮನಿಯ ಕಣಿವೆಯಲ್ಲಿ ದಪ್ಪ ಹುಬ್ಬಿನ ಬುರುಡೆ. ಜಾವಾದ ಹೊಳೆದಂಡೆಯಲ್ಲಿ ಒಂದು ತಲೆಚಿಪ್ಪು, ಒಂದು ಹಲ್ಲು, ಒಂದು ತೊಡೆಯೆಲುಬು. ಈಚೆಗೆ ಆಫ್ರಿಕಾದ ಸುಣ್ಣಗಲ್ಲಿನಲ್ಲಿ ಒಂದು ಕೂಸಿನ ಮುಖ. ಸಿಕ್ಕ ಎಲುಬು ಬುಟ್ಟಿಯಷ್ಟು, ಜಗಳ ಗಾಡಿಯಷ್ಟು. ಮಂಗ ಎಂದು ಕೆಲವರು, ಮನುಷ್ಯ ಎಂದು ಕೆಲವರು. ಮೊದಲ ಮನುಷ್ಯ ತಮ್ಮ ದೇಶದವನೇ ಆಗಿರಬೇಕೆಂದು ಎಲ್ಲರೂ. ರಾಯರದು ಜಾವಾದ ಪಕ್ಷ. ನೆಟ್ಟಗೆ ನಿಂತ ಮೊದಲಿಗ ಅವನೇ ಎಂದು ವಾದಿಸುವಾಗ ತಾವೂ ಕುರ್ಚಿಯಿಂದೆದ್ದು ನೆಟ್ಟಗೆ ನಿಲ್ಲುತ್ತಿದ್ದರು.

ವಿಚಾರ ಬೆಳೆದ ಹಾಗೆ ಮನೆಯಲ್ಲಿ ಶ್ರಾದ್ಧ ನಿಂತಿತು. "ಮೂರು ತಲೆಮಾರಿಗೆ ಅನ್ನ, ಅದರ ಹಿಂದಿನ ಸಾವಿರಾರು ತಲೆಮಾರಿಗೆ ಉಪಾಸ. ಇದ್ಯಾವ ನ್ಯಾಯ?" ಎನ್ನುವುದು ಅವರ ಪ್ರಶ್ನೆ. ರಂಗೂಬಾಯಿ ಎರಡು ವರ್ಷ ಸುಮ್ಮನಿದ್ದರು. ಮೂರನೆಯ ವರ್ಷ ಮಹಾಲಯ ಅಮಾವಾಸ್ಯೆ ಹತ್ತಿರ ಬಂದಾಗ ಬಾಯಿಬಿಟ್ಟರು.

"ನಿಮ್ಮಪ್ಪ ಎರಡು ವರ್ಷ ಬಾಗಲದಾಗ ನಿಂತು ಹಸಿದು ಹೊಳ್ಳಿ ಹೋಗ್ಯಾರ. ಈ ಸಲನೂ ಅವರಿಗೆ ಅನ್ನ ಇಲ್ಲಂದ್ರ ನಾನೂ ಉಣ್ಣಂಗಿಲ್ಲ."

ರಾಯರು ಕರಗಿದರು. ಆದರೆ ಷರತ್ತಿಲ್ಲದೆ ಕರಗುವುದು ವಿಚಾರವಂತರಿಗೆ ಶೋಭಿಸುವುದಿಲ್ಲ. ಜಾವಾದ ಪೂರ್ವಜನಿಗೂ ಪಿಂಡ ಇಡಬೇಕು. ಹಿರಿತನದ ಪ್ರಕಾರ ಅವನಿಗೇ ಮೊದಲು ಇಡಬೇಕು ಎಂದರು.

ಅಮಾವಾಸ್ಯೆಯ ದಿನ ಬೆಳಗಾವಿ ಕಡೆಯ ಪುರೋಹಿತರು, ಕೃಷ್ಣಾಜಿ ಭಟ್ಟರು, ದರ್ಭೆ ಹರಡಿ ಕೂತರು. ಷರತ್ತು ಕೇಳಿ ಎದ್ದು ಹೋಗಲಿಲ್ಲ. ಒಳಗೆ ವಡೆ ಕರಿಯುವ ವಾಸನೆ ಅಷ್ಟು ಬಲವಾಗಿತ್ತು.

"ಹೆಸರು ಹೇಳ್ರಿ ಮಾಸ್ತರ."

"ಪಿಥೆಕ್ಯಾಂಥ್ರೋಪಸ್."

ಭಟ್ಟರು ಒಂದು ಸಲ ಮನಸ್ಸಿನಲ್ಲೇ ಅಂದು ನೋಡಿ, "ಮುಂದ ಶರ್ಮಾ ಅಂತ ಹಚ್ಚೂದೋ, ಬ್ಯಾಡೋ? ಮುಂಜಿ ಆಗಿತ್ತೇನು ಇವರದು?" ಎಂದರು.

"ಭಟ್ಟರ, ಅವಾ ಐದು ಲಕ್ಷ ವರ್ಷದ ಹಿಂದಿನವಾ!"

"ಹಳಬರಿಗೆ ಮುಂಜಿ ಬ್ಯಾಡಂತ ಎಲ್ಲಿ ಬರದದ? ಇರ್ಲಿ. ಹೆಂಡತಿ ಹೆಸರು?"

"ಸಿಕ್ಕಿದ್ದು ಒಂದು ತಲಿಚಿಪ್ಪು, ಒಂದು ಹಲ್ಲು, ಒಂದು ತೊಡಿ ಎಲುಬುರೀ. ಹೆಂಡತಿನ್ನ ಎಲ್ಲಿಂದ ತರ್ಲಿ?"

"ಗೋತ್ರ?"

ಅದು ವಿಲಾಯತಿಯ ಯಾವ ಪುಸ್ತಕದಲ್ಲೂ ಇರಲಿಲ್ಲ. ಭಟ್ಟರು ಕೈಯ ದರ್ಭೆ ಕೆಳಗಿಟ್ಟರು. "ಗೋತ್ರ ಇಲ್ಲದ ಪಿಂಡ ಅಂದ್ರ ಪತ್ತಾ ಇಲ್ಲದ ಟಪಾಲು. ಎಲ್ಲಿ ಮುಟ್ಟೀತು?" ಇಳಿಹೊತ್ತಾಗುತ್ತಿತ್ತು. ಹೊತ್ತು ಮೀರಿದರೆ ಆ ವರ್ಷದ ಶ್ರಾದ್ಧವೇ ಇಲ್ಲ. ರಾಯರು ಷರತ್ತು ಬಿಡಲೊಲ್ಲರು, ಭಟ್ಟರು ನಿಯಮ ಬಿಡಲೊಲ್ಲರು.

ಅಡಿಗೆಮನೆಯ ಬಾಗಿಲಿಂದ ರಂಗೂಬಾಯಿ ಅಂದರು: "ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಅಂತ ಹೇಳೂದು ವಾಡಿಕಿ ಅಲ್ಲೇನ್ರಿ? ದೇವರು, ರಾಕ್ಷಸರು, ಹಾವು, ಹಕ್ಕಿ ಎಲ್ಲಾ ಕಶ್ಯಪನ ಮಕ್ಕಳೇ. ಇವಾ ಒಬ್ಬ ಹೆಚ್ಚಾದಾನ? ಲಗೂ ಮುಗಸ್ರಿ, ನಮ್ಮವರು ಬಾಗಲದಾಗ ಹಸದು ನಿಂತಾರ."

"ಅವ್ವಾ, ಇದನ್ನ ಅಲ್ಲೇನು ವಿಲಾಯತಿಯವರು ಹೇಳೂದು, ಎಲ್ಲಾ ಜೀವ ಒಂದ ಕುಲ ಅಂತ!" ರಾಯರು ಕುಣಿಯುವುದೊಂದು ಬಾಕಿ.

ಹೀಗೆ ಕಾಶ್ಯಪ ಗೋತ್ರದ ಪಿಥೆಕ್ಯಾಂಥ್ರೋಪಸನಿಗೆ ಪಿಂಡವಾಯಿತು, ಅವನ ನಂತರ ರಾಯರ ತಂದೆ, ಅಜ್ಜ, ಮುತ್ತಜ್ಜರಿಗೆ. ಮಾಳಿಗೆಯ ಮೇಲೆ ಕಾಗೆಗೆಂದು ಎರಡು ಎಲೆ ಬಡಿಸಿದರು, ಜಾವಾದವನದೊಂದು, ಮನೆಯ ಹಿರಿಯರದೊಂದು. ಒಂದು ಕಾಗೆ ಬಂತು, ಜಾವಾದವನ ಎಲೆಯನ್ನು ವಡೆಸಮೇತ ಖಾಲಿ ಮಾಡಿತು, ಪಕ್ಕದ ಎಲೆಯನ್ನು ನೋಡಿಯೂ ನೋಡದ ಹಾಗೆ ಹಾರಿ ಎದುರಿನ ಹಂಚಿನ ಮೇಲೆ ಕೂತಿತು.

ರಂಗೂಬಾಯಿಯ ಮುಖ ಸಣ್ಣದಾಯಿತು. "ನಿಮ್ಮಪ್ಪ ಸಿಟ್ಟಾಗ್ಯಾರ. ಪಂಕ್ತಿಯೊಳಗ ಎಂದೂ ಎರಡನೇ ಎಲಿಗೆ ಕೂತವರಲ್ಲ. ಏನರೆ ಮಾತು ಕೊಡು ಪ್ರಲ್ಹಾದಾ, ಅಂದ್ರ ಎಲಿ ಮುಟ್ಟತಾರ."

"ಕಾಗಿಗೆ ಹೊಟ್ಟಿ ತುಂಬೇದವ್ವಾ. ಅದರ ಜಠರಾನ ಸಣ್ಣದು—"

ತಾಯಿ ಸೆರಗಿನಿಂದ ಕಣ್ಣೊರಸಿಕೊಂಡರು.

ರಾಯರು ಸುತ್ತ ನೋಡಿದರು. ಆಚೆಯ ಮಾಳಿಗೆಯಲ್ಲಿ ಅವರ ಶಾಲೆಯ ಹೆಡ್‌ಮಾಸ್ತರರು ಬಟ್ಟೆ ಒಣಹಾಕುತ್ತಿದ್ದರು. ಆದರೂ ಕೈಮುಗಿದು ಕಾಗೆಗೆ ಕೂಗಿದರು: "ಅಪ್ಪಾ, ಪ್ರತಿ ವರ್ಷ ಮಾಡತೀನಿ!" ಕಾಗೆ ರೆಕ್ಕೆ ಕೊಕ್ಕಿನಿಂದ ತೀಡಿಕೊಂಡಿತು. "ಷರತ್ತಿಲ್ಲದ ಮಾಡತೀನಿ!" ಕಾಗೆ ಕತ್ತು ತಿರುಗಿಸಿತು. "ನಿಮಗೇ ಮೊದಲನೇ ಎಲಿ! ಜಾವಾದವಾ ನಿಮ್ಮ ಹಿಂದ!"

ಕಾಗೆ ಹಾರಿ ಬಂದು ನೇರ ವಡೆಗೇ ಬಾಯಿ ಹಾಕಿತು.

"ಕಾಯ್ ಮಾಸ್ತರ?" ಏನು ನಡೆದಿದೆಯೆಂದು ಮರಾಠಿಯಲ್ಲಿ ಕೇಳಿದರು ಹೆಡ್‌ಮಾಸ್ತರರು, ಒದ್ದೆ ಧೋತರ ಕೈಯಲ್ಲೇ ಹಿಡಿದು.

"ಪ್ರಯೋಗ, ಸಾಹೇಬ," ಎಂದರು ರಾಯರು.

ಅಂದು ರಂಗೂಬಾಯಿ ಉಂಡ ಹಾಗೆ ಎರಡು ವರ್ಷದಲ್ಲಿ ಉಂಡಿರಲಿಲ್ಲವೆಂದು ಸೊಸೆ ಇಂದೂ ಹೇಳುತ್ತಾಳೆ. ರಾಯರು ಮಾತು ಉಳಿಸಿಕೊಂಡರು. ಜಾವಾದವನೂ ಖಾಯಂ ಆದ, ಕೊನೆಯ ಎಲೆಗೆ. ಕೆಲವು ವರ್ಷಗಳ ಮೇಲೆ ಚೀನಾದ ಗವಿಯೊಂದರಲ್ಲಿ ಹೊಸ ಬುರುಡೆಗಳು ಸಿಕ್ಕ ಸುದ್ದಿ ಬಂತು. ರಾಯರು ಪತ್ರಿಕೆಯನ್ನು ಎತ್ತರದ ದನಿಯಲ್ಲಿ ಓದುತ್ತಿದ್ದಾಗ ರಂಗೂಬಾಯಿ ಅಕ್ಕಿಯ ಡಬ್ಬಿಗೆ ಕೈ ಹಾಕಿ ಕೇಳಿದರು:

"ಎಷ್ಟು ಮಂದಿ ಸಿಕ್ಕಾರಂತೋ? ಎಲ್ಲಾರೂ ಮಹಾಲಯಕ್ಕ ನಮ್ಮನಿಗೇ ಬರ್ತಾರೇನು?"