ಸೆನ್ಯೋರಾಗೆ ಪಾಠ ಹೇಳಿದವಳು

ನಮ್ಮ ಕೋಣೆಯಲ್ಲಿ ಇಬ್ಬರು ದೊಡ್ಡವರು, ಇಪ್ಪತ್ತೆರಡು ಚಿಳ್ಳೆಪಿಳ್ಳೆಗಳು. ದೊಡ್ಡವರಲ್ಲಿ ಒಬ್ಬಳು ನಾನು, ಮಕ್ಕಳ ಜೊತೆ ನಮ್ಮ ಮಾತಿನಲ್ಲೇ ಮಾತಾಡುವವಳು. ಇನ್ನೊಬ್ಬಳು ಸೆನ್ಯೋರಾ. ಸ್ಪ್ಯಾನಿಷ್‌ನಲ್ಲಿ ಮೇಡಂ ಅಂದ ಹಾಗೆ ಅದು. ಬಾಗಿಲೊಳಗೆ ಕಾಲಿಟ್ಟ ಮೇಲೆ ಅವಳು ಸ್ಪ್ಯಾನಿಷ್ ಬಿಟ್ಟು ಬೇರೆ ಒಂದಕ್ಷರ ಆಡುವಂತಿಲ್ಲ. ಅವಳಿಗೆ ನಮ್ಮ ಮಾತು ಬರುತ್ತದೆಂದು ಮಕ್ಕಳಿಗೆ ಗೊತ್ತಾದರೆ ಮುಗಿಯಿತು, ಆಮೇಲೆ ಯಾರೂ ಆ ಭಾಷೆಯ ಗೊಡವೆಗೇ ಹೋಗುವುದಿಲ್ಲ ಎನ್ನುವುದು ನಮ್ಮ ಮಾಂಟೆಸ್ಸರಿ ಶಾಲೆಯ ದೊಡ್ಡ ಮೇಡಂ ಅವರ ವಾದ. ಸೀನು ಬಂದರೂ ಸ್ಪ್ಯಾನಿಷ್‌ನಲ್ಲೇ ಸೀನಬೇಕು ಕಣೇ ಎಂದು ನಾನು ಚುಡಾಯಿಸುತ್ತಿದ್ದೆ.

ತಮಾಷೆಯೆಂದರೆ, ಸೆನ್ಯೋರಾ ಹುಟ್ಟಿ ಬೆಳೆದದ್ದು ನಮ್ಮ ಮನೆಯ ಹಿಂದಿನ ಬೀದಿಯಲ್ಲೇ. ಮೂಗು ಸುರಿಸಿಕೊಂಡು ಓಡಾಡುತ್ತಿದ್ದ ಕಾಲದಿಂದ ಅವಳನ್ನು ಬಲ್ಲೆ. ಹತ್ತೊಂಬತ್ತಕ್ಕೆ ಪ್ರಯಾಣಿಕರ ಹಡಗಿನಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ಹನ್ನೊಂದು ವರ್ಷ ಸಮುದ್ರದ ಮೇಲಿದ್ದವಳು ಸಮುದ್ರ ಕಂಡದ್ದೇ ಕಡಿಮೆ. ಹಡಗಿನ ತಳದಲ್ಲಿ, ಹಬೆ ತುಂಬಿದ ಕೋಣೆಯಲ್ಲಿ ನಿಂತು, ಇಸ್ತ್ರಿ ಯಂತ್ರದ ಬಾಯಿಗೆ ಹಾಸಿಗೆಯ ಬಟ್ಟೆ ತುರುಕುವುದೇ ತುರುಕುವುದು. ಅಲ್ಲಿನ ಮೇಲ್ವಿಚಾರಕಿ ಸ್ಪ್ಯಾನಿಷ್ ಬಿಟ್ಟು ಬೇರೇನೂ ಅರಿಯದ ಗಟ್ಟಿಗಿತ್ತಿ. ಇವಳು ಮೊದಲ ತಿಂಗಳು ಬೈಗುಳ ಕಲಿತಳಂತೆ, ಎರಡನೇ ತಿಂಗಳು ಅಂಕಿ, ವರ್ಷ ತುಂಬುವಷ್ಟರಲ್ಲಿ ಆ ಹೆಂಗಸಿನ ಮೂರು ಹೆರಿಗೆಯ ಕಥೆಯೂ ಪೂರ್ತಿ ಅರ್ಥವಾಗುತ್ತಿತ್ತಂತೆ. ಸೊಂಟ ಕೈಕೊಟ್ಟ ಮೇಲೆ ಊರಿಗೆ ಮರಳಿ, ಒಂದು ವರ್ಷ ಮಾಂಟೆಸ್ಸರಿ ತರಬೇತಿ ಮುಗಿಸಿ, ನಮ್ಮಲ್ಲಿಗೆ ಬಂದಳು.

"ಆ ಬೈಗುಳಾನೂ ಮಕ್ಕಳಿಗೆ ಕಲಿಸಿಬಿಟ್ಟೀಯ, ಹುಷಾರು" ಎಂದರೆ, "ಅಕ್ಕಾ, ಅವೆಲ್ಲಾ ನಿಮ್ಮಂಥವರಿಗೇ ಅಂತ ಎತ್ತಿಟ್ಟಿದ್ದೀನಿ" ಎನ್ನುವಳು. ಈ ಹರಟೆಯೆಲ್ಲ ಸಾಮಾನಿನ ಕೋಣೆಯ ಬಾಗಿಲು ಹಾಕಿಕೊಂಡು, ಪಿಸುದನಿಯಲ್ಲಿ. ನನಗೆ ಈ ನಾಟಕ ಮೊದಲಿನಿಂದಲೂ ಹಿಡಿಸಿರಲಿಲ್ಲ. ಬಾಯಿದ್ದೂ ಮೂಗಿಯಂತಿರುವುದು ಯಾವ ಸೀಮೆ ಪದ್ಧತಿಯೋ! ಆದರೆ ಜೂನ್‌ನಲ್ಲಿ ಅಳುತ್ತಾ ಬಂದ ಕೂಸುಗಳು ಡಿಸೆಂಬರ್ ಹೊತ್ತಿಗೆ ಅವಳ ಹತ್ತಿರ ನೀರು ಬೇಕು, ಶೂ ಬಿಚ್ಚಿ, ಅವನು ತಳ್ಳಿದ ಎಂದು ಸ್ಪ್ಯಾನಿಷ್‌ನಲ್ಲೇ ದೂರುವುದನ್ನು ಕಂಡು ನಾನೂ ಬಾಯಿ ಮುಚ್ಚಿಕೊಂಡೆ.

ಆ ವರ್ಷ ಬಂದವಳು ಮೆಣಸಿನಕಾಯಿ. ಹೆಸರು ನಾನಿಟ್ಟದ್ದು. ನಾಲ್ಕು ವರ್ಷದ ಹುಡುಗಿ, ಗೇಣುದ್ದ ದೇಹ, ಮಾರುದ್ದ ಬಾಯಿ. ನನ್ನ ಹತ್ತಿರ ಬೆಳಗಿನಿಂದ ಮಧ್ಯಾಹ್ನದವರೆಗೆ ಮಾತೇ ಮಾತು. ಸೆನ್ಯೋರಾ ಎದುರು ಮಾತ್ರ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ನಮ್ಮಲ್ಲಿ ಪದ ಕಲಿಸಲು ಮೂರು ಹೆಜ್ಜೆ. ಚಾಪೆ ಹಾಸಿ, ಮೂರು ವಸ್ತು ಇಟ್ಟು, ಮೊದಲು "ಇದು ಚಮಚ" ಎಂದು ಹೇಳುವುದು. ಆಮೇಲೆ "ಚಮಚ ಯಾವುದು, ತೋರಿಸು." ಕೊನೆಗೆ ಕೈಗೆತ್ತಿಕೊಂಡು "ಇದೇನು?" ಮಗು ಹೇಳದಿದ್ದರೆ ತಪ್ಪೆನ್ನುವಂತಿಲ್ಲ, ಗದರುವಂತಿಲ್ಲ, ಸುಮ್ಮನೆ ಚಾಪೆ ಸುತ್ತಿಡಬೇಕು. ಮೆಣಸಿನಕಾಯಿ ಎರಡು ಹೆಜ್ಜೆ ಓಡಿಕೊಂಡು ಇಡುತ್ತಿದ್ದಳು. ಮೂರನೆಯದಕ್ಕೆ ಬಾಯಿಗೆ ಬೀಗ. ಜೂನ್‌ನಿಂದ ಜನವರಿಯವರೆಗೆ ಸೆನ್ಯೋರಾ ಅದೆಷ್ಟು ಸಲ ಚಾಪೆ ಸುತ್ತಿದಳೋ! ನಾನಾಗಿದ್ದರೆ ಚಾಪೆಯನ್ನೇ ಎಸೆದಿರುತ್ತಿದ್ದೆ.

ಹುಡುಗಿಯ ಅಪ್ಪ ಕನ್ನಡಕದ ಅಂಗಡಿಯವನು. ಒಂದು ದಿನ ದೊಡ್ಡ ಮೇಡಂ ಮುಂದೆ ಬಂದು ಕೂತ.

"ನನ್ನ ಅಂಗಡೀಲಿ ಕನ್ನಡಕ ಹಾಕಿದ ತಕ್ಷಣ ಅಕ್ಷರ ಕಾಣ್ಬೇಕು ಮೇಡಂ. ಇಲ್ಲಾಂದ್ರೆ ಗಿರಾಕಿ ಬೇರೆ ಅಂಗಡಿಗೆ ಹೋಗ್ತಾನೆ. ಏಳು ತಿಂಗಳಾಯ್ತು, ಮಗಳ ಬಾಯಿಂದ ಒಂದು ಪದ ಬಂದಿಲ್ಲ. ತಿಂಗಳ ಕೊನೇಲಿ ಬಂದು ನೋಡ್ತೀನಿ. ಒಂದು ವಾಕ್ಯ ಬಂದ್ರೆ ಸರಿ. ಇಲ್ಲಾಂದ್ರೆ ಬೇರೆ ಶಾಲೆ ನೋಡಿಟ್ಟಿದ್ದೀನಿ."

ವಿಷಯ ಕೇಳಿ ಸೆನ್ಯೋರಾಳ ಮುಖ ಬಿಳಿಚಿಕೊಂಡಿತು. ಸಾಮಾನಿನ ಕೋಣೆಗೆ ಬಂದು ಕರವಸ್ತ್ರಗಳ ಬುಟ್ಟಿಯ ಮುಂದೆ ಕುಸಿದಳು. "ಆ ಮಗು ಹೋಗ್ಬಿಟ್ರೆ ನಾನು ತಡ್ಕೊಳ್ಳಲ್ಲ ಅಕ್ಕಾ."

"ಅಯ್ಯೋ, ಒಂದು ವಾಕ್ಯ ತಾನೇ? ಗಿಣಿಪಾಠ ಮಾಡ್ಸು. ಬಂದು ಒಪ್ಪಿಸ್ತಾಳೆ, ಅಪ್ಪನೂ ಖುಷಿ."

"ಹೆದರಿಸಿ ಬಾಯಿ ಬಿಡಿಸಕ್ಕೆ ನನ್ನ ಕೈಲಾಗಲ್ಲ." ಹಠಮಾರಿ! ನನಗೆ ಮೈಯೆಲ್ಲ ಉರಿಯಿತು.

ಆ ವಾರವೇ ಮೆಣಸಿನಕಾಯಿ ನನ್ನ ಸೆರಗು ಜಗ್ಗಿದಳು. "ಆಂಟೀ, ಸೆನ್ಯೋರಾಗೆ ನಮ್ಮ ಮಾತು ಯಾಕೆ ಬರಲ್ಲ?"

"ಯಾರೂ ಕಲಿಸಿಲ್ಲಮ್ಮ" ಎಂದೆ. ಸುಳ್ಳು ಹೇಳಿದ್ದಕ್ಕೆ ನಾಲಿಗೆ ಕಚ್ಚಿಕೊಂಡೆ.

"ನೀವು ಇಷ್ಟು ದಿನ ಇಲ್ಲೇ ಇದ್ದು ಏನ್ ಮಾಡ್ತಿದ್ರಿ?" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡಳು. "ಪಾಪ ಅವ್ರು."

ಮರುದಿನ ನೋಡುತ್ತೇನೆ, ಕಿಟಕಿಯ ಪಕ್ಕ ಚಾಪೆ ಹಾಸಿದೆ, ಸೆನ್ಯೋರಾ ಮಂಡಿಯೂರಿ ಕೂತಿದ್ದಾಳೆ, ಎದುರಿಗೆ ಟೀಚರಮ್ಮನಾಗಿ ಮೆಣಸಿನಕಾಯಿ. ಚಮಚ, ಗುಂಡಿ, ಬಾಚಣಿಗೆ ಸಾಲಾಗಿ ಇಟ್ಟು, ಬೆರಳು ಮುಟ್ಟಿಸಿ, ಒಂದೊಂದೇ ಪದ ಬಿಡಿಸಿ ಹೇಳುತ್ತಿದ್ದಾಳೆ. "ಚ-ಮ-ಚ." ಎರಡನೇ ಹೆಜ್ಜೆಯಲ್ಲಿ ಸೆನ್ಯೋರಾ ಸರಿಯಾಗಿ ತೋರಿಸಿದಳು. ಮೂರನೆಯದು ಬಂದಾಗ ಏನು ಮಾಡಿಯಾಳು? ಬಾಯಿ ಬಿಟ್ಟರೆ ನಿಯಮ ಮುರಿಯುತ್ತದೆ. ಕಣ್ಣು ಪಿಳಿಪಿಳಿ ಬಿಟ್ಟಳು. ಹುಡುಗಿ ನಿಟ್ಟುಸಿರಿಟ್ಟು ಚಾಪೆ ಸುತ್ತಿದಳು. ನಾನು ಸಾಮಾನಿನ ಕೋಣೆಗೆ ಓಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ಹೀಗೆ ಮೂರು ವಾರ, ದಿನವೂ ಪಾಠ. ಸೆನ್ಯೋರಾ ಬೆವರುತ್ತಿದ್ದಳು. "ಅಕ್ಕಾ, ಬಾಚಣಿಗೆ ಅಂತ ಒಂದ್ಸಲ ಹೇಳಿಬಿಡ್ಲಾ? ಅವಳ ಮುಖ ನೋಡಕ್ಕಾಗಲ್ಲ." ಅವಳ ಕಷ್ಟ ನೋಡಿ ನನಗೆ ನಗುವೂ ಬರುತ್ತಿತ್ತು, ಸಂಕಟವೂ ಆಗುತ್ತಿತ್ತು. ಅಷ್ಟರಲ್ಲಿ ತಿಂಗಳ ಕೊನೆ ಬಂದೇಬಿಟ್ಟಿತು.

ಅಪ್ಪ ಬಂದ. ನೋಡಲು ಬಂದವರು ಗೋಡೆ ಪಕ್ಕದ ಪುಟ್ಟ ಕುರ್ಚಿಯಲ್ಲಿ ಕೂರಬೇಕು, ಮಾತಾಡಬಾರದು. ಅವನ ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ದೊಡ್ಡ ಮೇಡಂ ಬಾಗಿಲಲ್ಲಿ ನಿಂತರು. ಸೆನ್ಯೋರಾ ಬಟ್ಟೆಗೆ ಗುಂಡಿ ಹಾಕಲು ಕಲಿಸುವ ಮರದ ಚೌಕಟ್ಟು ತೋರಿಸಿ ಹುಡುಗಿಯನ್ನು ಕರೆದಳು. ಮಹಾರಾಯಿತಿ ತಲೆಯಾಡಿಸಿ, ನೆಟ್ಟಗೆ ಹೋಗಿ ಚಾಪೆ ತಂದು ಹಾಸಿ, ಸೆನ್ಯೋರಾಳ ಕೈಹಿಡಿದು ಕೂರಿಸಿಕೊಂಡಳು. ಇವತ್ತೂ ಪಾಠ ತಪ್ಪಿಸುವಂತಿಲ್ಲ!

ಚಮಚ, ಗುಂಡಿ, ಬಾಚಣಿಗೆ. ಹೇಳಿದ್ದಾಯಿತು, ತೋರಿಸಿದ್ದಾಯಿತು. ಹುಡುಗಿ ಬಾಚಣಿಗೆ ಎತ್ತಿ ಹಿಡಿದು, "ಇದೇನು?" ಎಂದಳು. ಸೆನ್ಯೋರಾಳ ತುಟಿ ನಡುಗಿತು, ಸದ್ದು ಬರಲಿಲ್ಲ. ಕಣ್ಣಲ್ಲಿ ನೀರಾಡಿತು.

ಅಪ್ಪನ ತಾಳ್ಮೆ ಮುಗಿಯಿತು. ನಿಯಮ ಮರೆತು ನಕ್ಕೇಬಿಟ್ಟ. "ಬಿಡಮ್ಮ, ಅವರಿಗೇನೂ ಬರಲ್ಲ. ಬಾ, ಮನೆಗೆ ಹೋಗೋಣ."

ಹುಡುಗಿ ಗಿರಕ್ಕನೆ ತಿರುಗಿದಳು. ಮುಖ ಕೆಂಪಗಾಗಿತ್ತು. "ಅಪ್ಪಾ, ನಗ್ಬೇಡ! ಅವ್ರಿಗೆ ಎಲ್ಲಾ ಗೊತ್ತು. ಬಾಯಿಂದ ಇನ್ನೂ ಬಂದಿಲ್ಲ ಅಷ್ಟೆ. ನೀನು ಹೀಗೆ ನೋಡ್ತಾ ಕೂತ್ರೆ ಹೇಗೆ ಬರತ್ತೆ?"

ಆಮೇಲೆ ಸೆನ್ಯೋರಾಳ ಕಡೆ ಬಾಗಿ, ಅವಳ ಕೆನ್ನೆಗೆ ಪುಟ್ಟ ಅಂಗೈ ಇಟ್ಟಳು. ಅಳುತ್ತಿರುವ ಈ ದಡ್ಡ ವಿದ್ಯಾರ್ಥಿನಿಗೆ ಅರ್ಥವಾಗುವ ಭಾಷೆ ಒಂದೇ ಎಂದು ಅವಳಿಗೆ ಗೊತ್ತಿತ್ತು. "ನೋ ಯೋರೆಸ್, ಸೆನ್ಯೋರಾ" ಎಂದಳು. "ಮಾನ್ಯಾನಾ ಓತ್ರಾ ವೇಸ್." ಅಳಬೇಡಿ ಸೆನ್ಯೋರಾ, ನಾಳೆ ಮತ್ತೆ ಮಾಡೋಣ. ಎಲ್ಲೂ ತಡವರಿಸಲಿಲ್ಲ.

ಕೋಣೆಯಲ್ಲಿ ಮಿಕ್ಕ ಮಕ್ಕಳು ತಮ್ಮ ಪಾಡಿಗೆ ಲೋಟದಿಂದ ಲೋಟಕ್ಕೆ ನೀರು ಸುರಿಯುತ್ತಿದ್ದರು, ಮಣಿ ಪೋಣಿಸುತ್ತಿದ್ದರು. ಕನ್ನಡಕದ ಅಂಗಡಿಯವನು ತನ್ನ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದು ಒರೆಸಿದ. ಕುರ್ಚಿಯಿಂದ ಏಳಲು ನಾನೇ ಕೈಕೊಡಬೇಕಾಯಿತು.

ಬಾಗಿಲಲ್ಲಿ ದೊಡ್ಡ ಮೇಡಂ ಮೆಲ್ಲಗೆ ಕೇಳಿದರು, "ಏನು ತೀರ್ಮಾನ ಮಾಡಿದ್ರಿ?"

"ಅವಳು ಇಲ್ಲೇ ಇರ್ಲಿ ಮೇಡಂ" ಎಂದ. ಮಗಳು ಚಾಪೆ ಸುತ್ತುತ್ತಿದ್ದ ಕಡೆಗೇ ನೋಡುತ್ತಿದ್ದ. "ಅವಳ ವಿದ್ಯಾರ್ಥಿನಿಗೆ ಇನ್ನೂ ಮಾತು ಬಂದಿಲ್ವಲ್ಲ."