ಮೀಸಲು ನೀರಿನ ಬಣ್ಣ

ನಿಜಾಮನ ಆಳ್ವಿಕೆ ಮುಗಿದು ಎರಡೋ ಮೂರೋ ವರ್ಷವಾಗಿತ್ತು. ಮಸ್ಕಿಯಲ್ಲಿ ನಾನು ಬಾವಿಗಳಿಗೆ ಲಾಲ್ ದವಾ, ಅಂದರೆ ನೀರನ್ನು ಕೆಂಪಗಾಗಿಸಿ ರೋಗ ಕೊಲ್ಲುವ ಪುಡಿ, ಹಾಕುವ ಕೆಲಸದಲ್ಲಿದ್ದೆ. ಸಿಂಧನೂರಿನ ಕಡೆಯಿಂದ ವಾಂತಿಭೇದಿ ಊರಿಂದೂರಿಗೆ ದಾಟುತ್ತಿತ್ತು. ಲಿಂಗಸುಗೂರಿಗೆ ಹೋಗಿ ಪುಡಿಯ ಡಬ್ಬಿ ತರುವುದು, ಬಕೆಟ್ಟಿನಲ್ಲಿ ಕದಡಿ ಬಾವಿಗೆ ಸುರಿಯುವುದು, ಕಾಯಿಲೆಯವರ ಮನೆಯನ್ನು ಫಿನಾಯಿಲ್ ಹಾಕಿ ತೊಳೆಯುವುದು. ಅಂಗೈ ದವಾದ ಕಲೆಯಿಂದ ಕಂದುಬಣ್ಣಕ್ಕೆ ತಿರುಗಿತ್ತು. ನಾನು ಕೂತ ಕಟ್ಟೆಯಿಂದ ಜನ ಒಬ್ಬೊಬ್ಬರಾಗಿ ಏಳುತ್ತಿದ್ದರು.

ನನ್ನೊಡನೆ ಮಾತಾಡುತ್ತಿದ್ದವಳು ಒಬ್ಬಳೇ, ನಾನು ಬಾಡಿಗೆಗಿದ್ದ ಕೋಣೆಯ ಒಡತಿ, ಗಂಡನಿಲ್ಲದ ಮುದುಕಿ. ರೊಟ್ಟಿ ಕೊಡುತ್ತ ಮೂಗು ಮುಚ್ಚಿಕೊಳ್ಳುತ್ತಿದ್ದಳು. "ನೀ ಬಂದಿ ಅಂದ್ರ ನಾಯಿ ಸುದ್ದಾ ಎದ್ದು ಹೋಗತಾವಲ್ಲೋ ತಮ್ಮಾ."

ಬೆಳಗಿನ ಜಾವ, ಬೇರೆ ಯಾರೂ ಕೊಡ ಮುಳುಗಿಸುವ ಮೊದಲೇ, ಆಕೆ ಒಂದು ಕೊಡ ಮೀಸಲು ನೀರು ಸೇದಿ ತರುತ್ತಿದ್ದಳು. ಆ ನೀರಿನಲ್ಲೇ ಲಿಂಗಪೂಜೆ. ಲಿಂಗಕ್ಕೆ ಎರೆದ ನೀರು ಕುಡಿದ ಮೇಲೆಯೇ ರೊಟ್ಟಿ.

ನಮ್ಮ ಓಣಿಯಲ್ಲಿ ಇಬ್ಬರು ವಾಂತಿಭೇದಿಯಿಂದ ಮಲಗಿದ್ದರು. ಅವರ ಬಟ್ಟೆಯನ್ನು ಬಾವಿಕಟ್ಟೆಯ ಮೇಲೆಯೇ ಒಗೆದಿದ್ದರು. ಮರುದಿನ ಬೆಳಿಗ್ಗೆ ಆ ಬಾವಿಗೆ ದವಾ ಹಾಕಬೇಕಿತ್ತು.

"ಆ ಕೆಂಪು ನೀರು ಲಿಂಗಕ್ಕ ಹ್ಯಾಂಗ ಎರೀಲಿ?" ಎಂದಳು. "ಲಿಂಗಕ್ಕೇನು ಬ್ಯಾನಿ ಬಂದೈತೇನು?"

"ಲಿಂಗಕ್ಕಲ್ರೀ ಅವ್ವಾರ, ಕುಡಿಯೋರಿಗೆ."

"ನಾಳಿ ಯಾವಾಗ ಹಾಕ್ತಿ, ಅಷ್ಟು ಹೇಳು. ಅದರಕಿಂತ ಮೊದ್ಲ ಎರಡು ದಿನದ ನೀರು ತುಂಬಿಟ್ಗೊಂತೀನಿ."

"ಹೊತ್ತು ಹುಟ್ಟಿದ ಮ್ಯಾಲ," ಎಂದೆ.

ಹೀಗೆಯೇ ಎಂದೆನೋ? ಕೆಲವೊಮ್ಮೆ ನೆನಪಿನಲ್ಲಿ ನಾನು ಬೇಡವೆಂದು ಗದರುತ್ತೇನೆ, ಆಕೆ ಕೇಳುವುದಿಲ್ಲ. ಆ ಗದರಿಕೆಯನ್ನು ನಾನೇ ಆಮೇಲೆ ಸೇರಿಸಿದ್ದಿರಬೇಕು. ಊರಿನಲ್ಲಿ ನನ್ನೊಡನೆ ಮಾತಾಡುವ ಒಂದೇ ಬಾಯಿಯನ್ನು ಮುನಿಸಿಕೊಳ್ಳುವಂತೆ ಮಾಡುವ ಧೈರ್ಯ ನನಗಿರಲಿಲ್ಲ.

ಹೊತ್ತು ಹುಟ್ಟಿದ ಮೇಲೆ ದವಾ ಹಾಕಿದೆ. ಓಣಿಯವರೆಲ್ಲ ಬೈಯುತ್ತಲೇ ಕೆಂಪು ನೀರು ಕುಡಿದರು. ಮೂರನೆಯ ದಿನ ಮುದುಕಿ ಮಲಗಿದಳು. ಗಾಡಿ ಕಟ್ಟಿಸಿ ಲಿಂಗಸುಗೂರಿನ ದವಾಖಾನೆಗೆ ಹೊರಡಬೇಕೆನ್ನುವಷ್ಟರಲ್ಲಿ ಕಣ್ಣು ಗುಳಿಬಿದ್ದಿದ್ದವು. ಸಂಜೆಗೆ ಪ್ರಾಣ ಹೋಯಿತು. ಓಣಿಯಲ್ಲಿ ಆಮೇಲೆ ಬೇರೆ ಯಾರೂ ಮಲಗಲಿಲ್ಲ.

ಮನೆ ತೊಳೆಯುವುದೂ ನನ್ನದೇ ಕೆಲಸ. ಹಾಸಿಗೆ ಸುಟ್ಟೆ, ನೆಲಕ್ಕೆ ಫಿನಾಯಿಲ್ ಹಾಕಿದೆ. ದೇವರ ಗೂಡಿನ ಕೆಳಗೆ ಹಿತ್ತಾಳೆ ಕೊಡವಿತ್ತು, ತಳದಲ್ಲಿ ಇನ್ನೂ ನೀರು. ಅಂಗಳಕ್ಕೆ ತಂದು ಸುರಿದೆ. ಕಲ್ಲಿನ ಮೇಲೆ ಹರಿದ ನೀರು ತಿಳಿಗೆಂಪಾಗಿತ್ತೆಂದು ನೆನಪು ಹೇಳುತ್ತದೆ. ಅಂದರೆ ಆಕೆ ಕೊನೆಗೆ ದವಾದ ನೀರನ್ನೇ ತಂದಿದ್ದಳು, ನನ್ನ ತಪ್ಪಿಲ್ಲ. ಇಷ್ಟು ಅನುಕೂಲವಾದ ಬಣ್ಣವನ್ನು ನಾನು ನಂಬುವುದಿಲ್ಲ.

ಒಲೆಯ ಬದಿಗೆ ತಟ್ಟೆ ಮುಚ್ಚಿಟ್ಟ ಎರಡು ರೊಟ್ಟಿಗಳಿದ್ದವು, ನನ್ನ ಪಾಲಿನವು. ಅವನ್ನೂ ಸುಡಬೇಕೆಂಬುದು ನಿಯಮ. ಸುಟ್ಟೆ. ಇದರಲ್ಲಿ ಮಾತ್ರ ಅನುಮಾನವಿಲ್ಲ.